ನಾಲ್ಕನೇ ವರ್ಷದ ಅಭಿಪ್ರಾಯ

ನಮ್ಮ ನೆಂಟರಲ್ಲಿ ಯಾರಾದರೂ ಹೊಸ ಫೋನ್ ತಗೊಳ್ಳಬೇಕು ಅಂದುಕೊಂಡರೆ ಮೊದಲು ನನಗೊಂದು ಮೆಸೇಜ್ ಬರುತ್ತದೆ. "ಅಕ್ಕಾ, ಇಪ್ಪತ್ತು ಸಾವಿರದೊಳಗೆ ಯಾವುದು ಒಳ್ಳೇದು?" ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತೇನೆ ಅನ್ನೋದೊಂದೇ ನನ್ನ ಅರ್ಹತೆ. ಮಾಡೋದು ಅಕೌಂಟ್ಸ್ ಕೆಲಸ. ಆದರೆ ಊರಿನವರ ಲೆಕ್ಕದಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆ ಫೋನು, ಟಿವಿ, ಇನ್ವರ್ಟರ್, ಎಲ್ಲದರ ಬಗ್ಗೆಯೂ ಗೊತ್ತಿರಲೇಬೇಕು.

ಮೊದಮೊದಲು ಈ ಪದವಿಯನ್ನು ನಾನೂ ಖುಷಿಯಿಂದಲೇ ಹೊತ್ತಿದ್ದೆ. ರಾತ್ರಿ ಊಟ ಆದ ಮೇಲೆ ನಾಲ್ಕು ವಿಡಿಯೊ ನೋಡುವುದು. ಎರಡು ಫೋನುಗಳ ಜಾತಕ ಅಕ್ಕಪಕ್ಕ ಇಟ್ಟು ತಾಳೆ ಹಾಕುವುದು. ಆಮೇಲೆ ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಉದ್ದಕ್ಕೆ ಬರೆದು ಕಳಿಸುವುದು. ಓದಿದವರು "ಥ್ಯಾಂಕ್ಸ್ ಅಕ್ಕಾ" ಅಂದು, ಕೊನೆಗೆ ಯಾವುದು ಆಫರ್‌ನಲ್ಲಿ ಇತ್ತೋ ಅದನ್ನೇ ತಗೊಳ್ಳುತ್ತಿದ್ದರು. ಅದಕ್ಕೆ ನನಗೆ ಬೇಜಾರೇನೂ ಇರಲಿಲ್ಲ. ಉತ್ತರ ಬರೆಯೋದರಲ್ಲೇ ಒಂದು ಸುಖ ಇತ್ತು.

ಈಗ ಆ ಉದ್ದ ಉತ್ತರ ಬರೆಯೋದು ಬಿಟ್ಟಿದ್ದೇನೆ. ಬಿಡಿಸಿದ್ದು ನಮ್ಮಮ್ಮನ ಫೋನು.

ಅಮ್ಮ ಇರೋದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಮನೆ ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. 2018ರಲ್ಲಿ ಅವಳಿಗೆ ಮೊದಲ ಸ್ಮಾರ್ಟ್‌ಫೋನ್ ಕೊಡಿಸಿದವಳು ನಾನೇ. ವಾರಗಟ್ಟಲೆ ಅಳೆದು ಸುರಿದು ಆರಿಸಿದ್ದು. ಗಾಜಿನ ಬೆನ್ನು, ತೆಳ್ಳಗಿನ ಮೈ, ಒಳ್ಳೆ ಕ್ಯಾಮೆರಾ. ನೋಡಿದವರೆಲ್ಲ "ಭಾರಿ ಚಂದ ಉಂಟು" ಅಂದರು. ಅಮ್ಮನೂ ಅಂದಳು. ಆಮೇಲೆ ಮೂರು ವರ್ಷ ಅದರ ಜೊತೆ ಒದ್ದಾಡಿದಳು. ನನಗೆ ಬೇಜಾರಾಗುತ್ತದೆ ಅಂತ ಒಂದು ಮಾತೂ ಹೇಳಲಿಲ್ಲ.

ಒಂದು ನವೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಅಡಿಕೆ ಕೊಯ್ಲು ಶುರುವಾಗಿತ್ತು. ಜಗಲಿಯಲ್ಲಿ ನಾಲ್ಕು ಜನ, ಹಲಗೆಗೆ ಕತ್ತಿ ಕೂರಿಸಿದ ಮೆಟ್ಟುಗತ್ತಿ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು, ಅಮ್ಮನೂ ಜೊತೆಗೆ. ಸುಲಿಯೋ ಮೆಷಿನ್ ಊರಿಗೆ ಬಂದಿದೆ. ಆದರೆ ನಮ್ಮಂಥ ಸಣ್ಣ ತೋಟದವರ ಮನೆಯಲ್ಲಿ ಇವತ್ತಿಗೂ ಕೈಯೇ ಜಾಸ್ತಿ. ಫೋನ್ ರಿಂಗಾಯಿತು, ಕೈ ಒರೆಸಿಕೊಂಡು ಎತ್ತುವಷ್ಟರಲ್ಲಿ ನಿಂತುಹೋಯಿತು. ತಿರುಗಿ ಮಾಡಲು ಅಮ್ಮ ಬೆರಳು ಒತ್ತಿದಳು. ಫೋನ್ ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದಳು. ಸೀರೆ ಸೆರಗಿಗೆ ಉಜ್ಜಿ ಮತ್ತೊಮ್ಮೆ. ಆಮೇಲೆ ಎಡಗೈ ಕಿರುಬೆರಳು ಇಟ್ಟಳು, ಟಕ್ ಅಂತ ತೆರೆಯಿತು.

"ಕಿರುಬೆರಳು ಎಂತಕ್ಕೆ?" ಅಂದೆ.

"ಸೊಸೈಟಿಯಲ್ಲೂ ಇದೇ ಬೆರಳು ಮಾರಾಯ್ತಿ. ಉಳಿದದ್ದು ಯಾವುದೂ ತಗೊಳ್ಳೋದಿಲ್ಲ."

ರೇಷನ್ ತರೋಕೆ ಹೋದಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಆ ಸಣ್ಣ ಮೆಷಿನ್ ಇದೆಯಲ್ಲ, ಅದು ಅಮ್ಮನಿಗೆ ಕಲಿಸಿದ ಪಾಠ ಇದು. ಬೆರಳಚ್ಚು ಓದೋ ಸೆನ್ಸರ್‌ಗೆ ಬೇಕಾದ್ದು ಬೆರಳ ತುದಿಯ ಏರು ತಗ್ಗಿನ ಗೆರೆಗಳು. ನಲವತ್ತು ವರ್ಷ ಅಡಿಕೆ ಸುಲಿದ ಕೈಯಲ್ಲಿ ಆ ಗೆರೆ ಸವೆದು ನುಣ್ಣಗಾಗಿದೆ. ಇದ್ದಬದ್ದ ಗೆರೆಗಳ ನಡುವೆ ಅಡಿಕೆ ಕಲೆ ಕೂತು ಕಪ್ಪಾಗಿದೆ. ಮೆಟ್ಟುಗತ್ತಿ ಕೆಲಸಕ್ಕೆ ಅಷ್ಟಾಗಿ ಬಾರದ್ದು ಎಡಗೈ ಕಿರುಬೆರಳು. ಅದೊಂದು ಉಳಿದುಕೊಂಡಿದೆ. ಫೋನ್ ಸೆಟ್ ಮಾಡಿಕೊಟ್ಟ ದಿನ ನಾನು ಅವಳ ಬಲಗೈ ಹೆಬ್ಬೆರಳನ್ನು ಹತ್ತು ಸಲ ಒತ್ತಿಸಿ, "ನೋಡು, ಎಷ್ಟು ಸುಲಭ" ಅಂದಿದ್ದೆ. ಬೆರಳು ಕೆಲಸ ಮಾಡದಿದ್ದಾಗ ಅವಳು ಪಕ್ಕದ ಮನೆ ಹುಡುಗನಿಂದ ಕಿರುಬೆರಳು ಸೇರಿಸಿಕೊಂಡಿದ್ದಳಂತೆ. ಅದೂ ನನಗೆ ಅವತ್ತೇ ಗೊತ್ತಾಗಿದ್ದು.

ನಾನು ನೋಡಿದ ಯಾವ ವಿಡಿಯೊದಲ್ಲೂ ಯಾರೂ ಅಡಿಕೆ ಸುಲಿದ ಕೈಯಲ್ಲಿ ಫೋನ್ ಹಿಡಿದಿರಲಿಲ್ಲ.

ಮಳೆಗಾಲದ ಕಥೆ ಬೇರೆಯೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ನಮ್ಮೂರಿಗೆ ಅಷ್ಟು ಬರೋದಿಲ್ಲ. ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗೆ ಒಣಗಿದ್ದು ಅಂತ ಒಂದು ವಸ್ತು ಇರೋದಿಲ್ಲ. ಒದ್ದೆ ಬೆರಳಿಗೆ ಸ್ಕ್ರೀನ್ ತನಗೆ ತೋಚಿದ ಹಾಗೆ ಕುಣಿಯುತ್ತದೆ. ಚಾರ್ಜರ್ ಚುಚ್ಚಿದರೆ "ತೇವ ಇದೆ" ಅಂತ ಹೇಳಿ ಚಾರ್ಜೇ ಆಗೋದಿಲ್ಲ. ಅಮ್ಮ ಫೋನನ್ನು ಬಚ್ಚಲ ಒಲೆಯಿಂದ ಎರಡು ಮಾರು ದೂರ, ಬಟ್ಟೆ ಒಣಗಿಸೋ ಬಿದಿರಿನ ಗಳದ ಪಕ್ಕದ ಗೂಡಿನಲ್ಲಿ ಇಡೋದು ಕಲಿತಳು. ಜಾಹೀರಾತಿನಲ್ಲಿ ಐಪಿ68 ಅಂತ ಬರೆದಿರುತ್ತಾರಲ್ಲ, ಅದರ ಅರ್ಥ ಒಂದು ಮೀಟರ್‌ಗಿಂತ ಆಳದ ಸಿಹಿನೀರಿನಲ್ಲಿ ಇಂತಿಷ್ಟು ಹೊತ್ತು ಇಟ್ಟು ಪರೀಕ್ಷೆ ಮಾಡಿದ್ದಾರೆ ಅಂತ. ನಾಲ್ಕು ತಿಂಗಳು ಬಿಡದೆ ಹಿಡಿಯುವ ಥಂಡಿಗೆ ಯಾವ ನಂಬರ್ ಇದೆಯೋ ಕಾಣೆ.

ಇನ್ನು ಸಿಗ್ನಲ್. ಮಲೆನಾಡಿನ ಪ್ರತಿ ಮನೆಗೂ ಒಂದು ಸಿಗ್ನಲ್ ಜಾಗ ಅಂತ ಇರುತ್ತದೆ. ನಮ್ಮನೆಯದ್ದು ಹಲಸಿನ ಮರದ ಬುಡ. ಮಾತಾಡಬೇಕು ಅಂದರೆ ಅಲ್ಲಿಗೇ ಹೋಗಬೇಕು, ಮಳೆಯಾದರೆ ಕೊಡೆ ಹಿಡಿದು. ಆಮೇಲೆ ಊರಿಗೆ ಫೈಬರ್ ಬಂತು. ಮರದಿಂದ ಮರಕ್ಕೆ ಕಟ್ಟಿಕೊಂಡು ತೋಟದ ನಡುವೆ ಬಂದ ಕಪ್ಪು ಕೇಬಲ್ಲು. ಮನೆಯೊಳಗೆ ವೈಫೈ ಆಯಿತು. 2019ರ ಕೊನೆಗೆ ಏರ್‌ಟೆಲ್, 2020ರ ಮೊದಲಿಗೆ ಜಿಯೊ, ವೈಫೈ ಮೇಲೆಯೇ ಮಾಮೂಲಿ ಕಾಲ್ ಮಾಡುವ ಸೌಲಭ್ಯ ಶುರು ಮಾಡಿದವು. ಟವರ್ ಸಿಗದಿದ್ದರೂ ಪರವಾಗಿಲ್ಲ, ರೂಟರ್ ಇದ್ದರೆ ಸಾಕು, ಅದೇ ನಂಬರಿಗೆ ಕಾಲ್ ಬರುತ್ತದೆ. ಮಲೆನಾಡಿನವರಿಗೆ ಇದು ಕರೆಂಟ್ ಬಂದಷ್ಟೇ ದೊಡ್ಡ ಸುದ್ದಿ. ಆದರೆ ಅದಕ್ಕೆ ಫೋನೂ ಒಪ್ಪಬೇಕು. ನಾನು ಅಷ್ಟು ಅಳೆದು ಸುರಿದು ತಂದ ಆ ಗಾಜಿನ ಫೋನಿನಲ್ಲಿ ಆ ಸೌಲಭ್ಯ ಇರಲಿಲ್ಲ. ವೈಫೈ ತಲೆ ಮೇಲೇ ಇದ್ದರೂ ಅಮ್ಮ ಕೊಡೆ ಹಿಡಿದು ಹಲಸಿನ ಮರದ ಬುಡಕ್ಕೆ ಹೋಗುತ್ತಲೇ ಇದ್ದಳು.

2021ರಲ್ಲಿ, ಕೊರೊನಾ ಎರಡನೇ ಅಲೆಯ ಹೊತ್ತಿಗೆ, ಆ ಫೋನು ಜಗಲಿಯಿಂದ ಅಂಗಳಕ್ಕೆ ಬಿತ್ತು. ಗಾಜು ಚೂರಾಯಿತು. ನನಗೆ ಊರಿಗೆ ಹೋಗುವ ಹಾಗಿರಲಿಲ್ಲ. ಆನ್‌ಲೈನ್‌ನಲ್ಲಿ ತರಿಸೋಣ ಅಂದರೆ ನಮ್ಮ ಪಿನ್‌ಕೋಡಿಗೆ ಆಗ ಡೆಲಿವರಿ ಇಲ್ಲ. ಪಕ್ಕದ ಮನೆ ಹುಡುಗ ಅಂಗಡಿ ತೆರೆಯೋ ಹೊತ್ತು ನೋಡಿಕೊಂಡು ತೀರ್ಥಹಳ್ಳಿಗೆ ಹೋಗಿ, ಅಂಗಡಿಯವರು ಯಾವುದು ಕೊಟ್ಟರೋ ಅದನ್ನು ತಂದುಕೊಟ್ಟ. ಮಾಡೆಲ್ ಹೆಸರು ಕೇಳಿ ನಾನು ಹಣೆ ಚಚ್ಚಿಕೊಂಡೆ. ಆ ಫೋನಿನ ಬಗ್ಗೆ ಒಬ್ಬರೂ ಒಳ್ಳೆ ಮಾತು ಹೇಳಿರಲಿಲ್ಲ. ಪ್ಲಾಸ್ಟಿಕ್ ಬೆನ್ನು, ದಪ್ಪ ಮೈ, ನಿಧಾನದ ಪ್ರೊಸೆಸರ್, ಸಾಧಾರಣ ಕ್ಯಾಮೆರಾ. "ಈ ಬೆಲೆಗೆ ಇದಕ್ಕಿಂತ ಒಳ್ಳೆಯವು ಹತ್ತು ಸಿಗುತ್ತಿದ್ದವು" ಅಂತ ಫೋನಿನಲ್ಲೇ ಅಮ್ಮನಿಗೆ ಭಾಷಣ ಮಾಡಿದೆ.

"ಇರ್ಲಿ ಬಿಡು" ಅಂದಳು. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಎಲ್ಲಿಂದ ಮಾತಾಡ್ತಿದ್ದೀಯ ಅಂದೆ. ಅಡುಗೆ ಮನೆಯಿಂದಂತೆ.

ಆ ದಡ್ಡ ಫೋನಿನಲ್ಲಿ ವೈಫೈ ಕಾಲಿಂಗ್ ಇತ್ತು. ಜೊತೆಗೆ 5,000 ಎಂಎಎಚ್ ಬ್ಯಾಟರಿ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಎರಡು ದಿನ ಹೋದರೂ ಅಮ್ಮನ ಬಳಕೆಗೆ ಸಾಕು. ಸ್ಪೀಕರ್ ಎಷ್ಟು ಜೋರು ಅಂದರೆ ಕೊಟ್ಟಿಗೆಯಲ್ಲಿದ್ದವರಿಗೂ ರಿಂಗ್ ಕೇಳುತ್ತದೆ. ಬಿದ್ದರೆ ಪ್ಲಾಸ್ಟಿಕ್ ಬೆನ್ನು ಪುಟಿಯುತ್ತದೆ, ಒಡೆಯೋದಿಲ್ಲ. ಈಗ ನಾಲ್ಕು ವರ್ಷ ಕಳೆದಿದೆ. ಸಿಡಿಲಿಗೆ ಎರಡು ರೂಟರ್, ಮೂರು ಚಾರ್ಜರ್ ಸುಟ್ಟುಹೋಗಿವೆ. ಫೋನ್ ಇದೆ.

ಹಾಗಾದರೆ ವಿಮರ್ಶೆ ಮಾಡಿದವರೆಲ್ಲ ಸುಳ್ಳು ಹೇಳಿದ್ದರಾ? ಇಲ್ಲ. ಅವರು ಹೇಳಿದ್ದೆಲ್ಲ ನಿಜವೇ. ಪ್ರೊಸೆಸರ್ ನಿಧಾನವೇ, ಕ್ಯಾಮೆರಾ ಸಾಧಾರಣವೇ. ಆದರೆ ಅವರ ಕೈಯಲ್ಲಿ ಒಂದು ಫೋನ್ ಇರೋದು ಹತ್ತು ದಿನ, ಹೆಚ್ಚೆಂದರೆ ತಿಂಗಳು. ಅಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಹತ್ತು ದಿನದಲ್ಲಿ ಕಾಣೋದನ್ನು ಅವರು ಹೇಳುತ್ತಾರೆ. ಮದುವೆಯಾಗಿ ಹತ್ತು ದಿನಕ್ಕೆ ಅಳಿಯನ ಬಗ್ಗೆ ಅಭಿಪ್ರಾಯ ಕೇಳಿದ ಹಾಗೆ. ಎಲ್ಲರೂ "ಒಳ್ಳೆ ಹುಡುಗ" ಅಂತಲೇ ಅನ್ನೋದು.

ಆನ್‌ಲೈನ್ ಅಂಗಡಿಯಲ್ಲಿ ಕೊಂಡವರು ಬರೆಯೋ ಅಭಿಪ್ರಾಯಗಳಂತೂ ಇನ್ನೂ ಚೆಂದ. "ಡೆಲಿವರಿ ಬೇಗ ಆಯ್ತು, ಪ್ಯಾಕಿಂಗ್ ಚೆನ್ನಾಗಿದೆ, ಇನ್ನೂ ಬಳಸಿಲ್ಲ", ಐದು ಸ್ಟಾರ್. ಅದರ ಕೆಳಗೇ ಇನ್ನೊಬ್ಬರು ಬಾಕ್ಸ್ ಮೂಲೆ ಜಜ್ಜಿದೆ ಅಂತ ಒಂದು ಸ್ಟಾರ್. ನಾನೂ ಒಮ್ಮೆ ಐದು ಸ್ಟಾರ್ ಕೊಟ್ಟು ಮರೆತಿದ್ದೆ. ಆ ಫೋನಿನ ಕಥೆ ಮುಂದೆ ಹೇಳುತ್ತೇನೆ.

ಮೆಗಾಪಿಕ್ಸೆಲ್ ಬಗ್ಗೆ ಒಂದು ಮಾತು, ಯಾಕೆಂದರೆ ಎಲ್ಲರೂ ಕೇಳೋದು ಅದನ್ನೇ. 108 ಮೆಗಾಪಿಕ್ಸೆಲ್ ಅಂತ ಬರೆದ ಫೋನು ಮಾಮೂಲಿ ಫೋಟೊ ತೆಗೆಯುವಾಗ ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡುತ್ತದೆ. ನಿಮ್ಮ ಕೈಗೆ ಬರೋದು 12 ಮೆಗಾಪಿಕ್ಸೆಲ್ ಫೋಟೊ. ಬೆಳಕು ಕಮ್ಮಿ ಇದ್ದಾಗ ಇದರಿಂದ ಅನುಕೂಲವೂ ಇದೆ, ಮೋಸ ಅಲ್ಲ. ಆದರೆ ಆ ಫೋಟೊವನ್ನು ನಾವು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಅದು ಇನ್ನೊಮ್ಮೆ ಹಿಂಡಿ ಸಣ್ಣ ಮಾಡುತ್ತದೆ. ಕೊನೆಗೆ ಅಮ್ಮ ಮೊಮ್ಮಗನ ಮುಖ ನೋಡೋದು ಅಂಗೈಯಗಲದ ಸ್ಕ್ರೀನಿನಲ್ಲಿ. ಅವಳು ಫೋಟೊ ನೋಡಿ ಹೇಳೋದು "ಮಗು ಬಡವಾಗಿದೆ" ಅಂತ, "ಫೋಟೊ ಮಸುಕಾಗಿದೆ" ಅಂತಲ್ಲ.

ಕನ್ನಡದ ವಿಷಯವೂ ನಾಲ್ಕನೇ ವರ್ಷಕ್ಕೆ ಬೇರೆ ಥರ ಕಾಣುತ್ತದೆ. ಹಳೇ ಫೋನುಗಳಲ್ಲಿ ಕನ್ನಡ ಮೆಸೇಜ್ ಬಂದರೆ ಸಾಲಾಗಿ ಖಾಲಿ ಡಬ್ಬಿಗಳು ಕಾಣುತ್ತಿದ್ದದ್ದು ನೆನಪಿದೆಯಾ? ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಸರಿಯಾದ ಬೆಂಬಲ ಬಂದದ್ದು 2012ರಲ್ಲಿ, ಅದರ 4.1 ಆವೃತ್ತಿಯ ಹೊತ್ತಿಗೆ. ಐಫೋನಿಗೆ ಅದರದ್ದೇ ಕನ್ನಡ ಕೀಬೋರ್ಡ್ ಬರೋಕೆ 2017ರ ಐಒಎಸ್ 11 ಆಗಬೇಕಾಯಿತು. ಈಗ ಡಬ್ಬಿಗಳ ಕಾಟ ಇಲ್ಲ. ಅಮ್ಮನ ಫೋನನ್ನು ಪೂರ್ತಿ ಕನ್ನಡಕ್ಕೆ ಹಾಕಿಕೊಟ್ಟೆ. ಮಾರನೇ ದಿನವೇ ಕಾಲ್ ಬಂತು. "ಇದರಲ್ಲಿ ಎಂತದೋ ಅಧಿಸೂಚನೆ ಬಂದಿದೆಯಂತೆ, ಎಂತ ಮಾಡೋದು?" ಅಂತ ಗಾಬರಿಯಿಂದ ಕೇಳಿದಳು. ಪಶ್ಚಿಮಘಟ್ಟದವರಿಗೆ ಅಧಿಸೂಚನೆ ಅಂದರೆ ಒಂದೇ ಅರ್ಥ. ಘಟ್ಟದ ಕಾಡು ಉಳಿಸೋಕೆ ಅಂತ ಬಂದ ಕಸ್ತೂರಿರಂಗನ್ ವರದಿ, ಅರಣ್ಯ ಇಲಾಖೆ, ತೋಟ ಉಳಿಯುತ್ತೋ ಇಲ್ಲವೋ ಅನ್ನೋ ಚಿಂತೆ. ನೋಟಿಫಿಕೇಶನ್‌ಗೆ ಆ ಪದ ಹಾಕಿದವರು ನಮ್ಮ ಕಡೆಯವರಾಗಿರಲಿಕ್ಕಿಲ್ಲ. ಬಂದಿದ್ದು ಸುಮ್ನೆ ಒಂದು ಆ್ಯಪ್ ಅಪ್‌ಡೇಟ್. ಆದರೂ ಕನ್ನಡ ತೆಗೆಯಬೇಡ ಅಂದಳು. ಅಕ್ಷರ ದೊಡ್ಡದು ಮಾಡಿಕೊಂಡು ಈಗ ಅದರಲ್ಲೇ ಓಡಾಡುತ್ತಾಳೆ. ನನಗೇ ಆ ಫೋನಿನಲ್ಲಿ ಸೆಟ್ಟಿಂಗ್ ಹುಡುಕೋದು ಕಷ್ಟ.

ಈಗ ನನ್ನ ಐದು ಸ್ಟಾರ್ ಫೋನಿನ ಕಥೆ. ದುಬಾರಿ ಫೋನು, ಕಂಪನಿ ಹೆಸರು ಬೇಡ. ಮೂರನೇ ವರ್ಷ ಒಂದು ಬೆಳಿಗ್ಗೆ ಮೇಜಿನ ಮೇಲೆ ಇಟ್ಟ ಫೋನು ಬುಗುರಿ ಹಾಗೆ ತಿರುಗಿತು. ನೋಡಿದರೆ ಬೆನ್ನು ಉಬ್ಬಿದೆ. ಒಂದು ಬದಿಯಲ್ಲಿ ಗಾಜು ಎದ್ದು, ಸಂದಿಯಲ್ಲಿ ಉಗುರು ತೂರುವಷ್ಟು ಜಾಗ ಆಗಿದೆ. ಸರ್ವಿಸ್ ಸೆಂಟರಿನವರು ನೋಡಿ, ಬ್ಯಾಟರಿ ಬದಲಿಸಬೇಕು, ತೆಗೆಯುವಾಗ ಸ್ಕ್ರೀನ್ ಹೋದರೆ ಅದರ ಖರ್ಚೂ ನಿಮ್ಮದೇ, ಒಂದು ವಾರ ಬಿಟ್ಟು ಹೋಗಿ ಅಂದರು. ಹೇಳಿದ ಮೊತ್ತ ಕೇಳಿ ಫೋನ್ ವಾಪಸ್ ಇಸ್ಕೊಂಡು ಬಂದೆ.

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದೆ. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ, ಹಾಗಂದರೆ ಆಟೊದವರಿಗೂ ಗೊತ್ತಾಗೋದಿಲ್ಲ. ಒಂದು ಮೆಟ್ಟಿಲಿನಷ್ಟು ಅಗಲದ ಅಂಗಡಿ. ಒಳಗೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಫೋನ್ ಕೈಗೆ ತಗೊಂಡವನೇ ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. "ಊದಿದೆ ಮೇಡಂ, ರಾತ್ರಿಯಿಡೀ ಚಾರ್ಜಿಗೆ ಹಾಕ್ತೀರಾ?" ಅಂದ. ಹಾಕುತ್ತಿದ್ದೆ. ದಿಂಬಿನ ಕೆಳಗೆ ಬೇರೆ.

ಅವನು ಕೆಲಸ ಮಾಡೋದನ್ನು ನಿಂತು ನೋಡಿದೆ. ಬಿಸಿ ಮಾಡೋ ತಟ್ಟೆಯ ಮೇಲೆ ಫೋನನ್ನು ಕವುಚಿ ಹಾಕಿದ, ಅಂಟು ಮೆತ್ತಗಾಗಲಿ ಅಂತ. ಸಕ್ಕರೆ ಪಾಕದ ಹದ ನೋಡೋ ಹಾಗೆ ಎರಡು ಸಲ ಬೆರಳು ತಾಗಿಸಿ ನೋಡಿದ. ಆಮೇಲೆ ಸಂದಿಯಲ್ಲಿ ಒಂದು ತೆಳು ಪ್ಲಾಸ್ಟಿಕ್ ಬಿಲ್ಲೆ ತೂರಿಸಿ ಸುತ್ತ ಓಡಿಸಿದ. ಬೆನ್ನು ಹಕ್ಕಳೆ ಎದ್ದ ಹಾಗೆ ಎದ್ದು ಬಂತು. ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳು. ತೆಗೆದದ್ದನ್ನೆಲ್ಲ ಒಂದು ಮ್ಯಾಗ್ನೆಟ್ ಹಾಳೆಯ ಮೇಲೆ, ಫೋನಿನಲ್ಲಿ ಎಲ್ಲಿದ್ದವೋ ಅದೇ ಜಾಗದ ಲೆಕ್ಕದಲ್ಲಿ ಇಡುತ್ತಾ ಹೋದ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಉದ್ದದ ಸ್ಕ್ರೂ ಬೋರ್ಡಿಗೆ ಚುಚ್ಚಿ ಫೋನೇ ಹೋಗುತ್ತದಂತೆ. ಬ್ಯಾಟರಿ ಕೆಳಗೆ ಎರಡು ತೊಟ್ಟು ಸ್ಪಿರಿಟ್ ಬಿಟ್ಟು ಕಾದ. ಕೊನೆಗೆ ಎದ್ದು ಬಂದದ್ದು ಬೆಳ್ಳಿ ಬಣ್ಣದ, ಕರಿಗಡುಬಿನ ಹಾಗೆ ಊದಿಕೊಂಡ ಒಂದು ಚೀಲ. ಲಿಥಿಯಂ ಬ್ಯಾಟರಿ ಹಳತಾಗುತ್ತಾ, ಬಿಸಿಯಾಗುತ್ತಾ, ಒಳಗಿನ ದ್ರವ ಒಡೆದು ಗ್ಯಾಸ್ ಆಗುತ್ತದೆ. ಚೀಲದೊಳಗಿನ ಗ್ಯಾಸ್ ಎಲ್ಲಿಗೆ ಹೋಗಬೇಕು? ಚುಚ್ಚಿದರೆ ಬೆಂಕಿ. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು ಕಾಲಬುಡದ ಮರಳಿನ ಬಕೆಟ್ಟಿಗೆ ಹಾಕಿದ. ಅದರೊಳಗೆ ಇನ್ನೂ ಐದಾರು ಇದ್ದವು.

ಮುಕ್ಕಾಲು ಗಂಟೆ, 1,800 ರೂಪಾಯಿ. ಬದಲಾಯಿಸಿ ಒಂದೂವರೆ ವರ್ಷ ಆಯ್ತು, ಚೆನ್ನಾಗಿ ಓಡುತ್ತಿದೆ. ಆದರೆ ಹೊಸದರಲ್ಲಿ ಇದ್ದ ನೀರು ತಡೆಯೋ ಗುಣ ಹೋಯಿತು ಅಂತ ಅವನೇ ಹೇಳಿದ. ಆ ಪ್ರಾಮಾಣಿಕತೆಗೆ ಚಹಾ ಕುಡಿಸಿ ಬಂದೆ.

ಅಪ್ಪಯ್ಯನ ನೋಕಿಯಾ 1100 ನೆನಪಾಯಿತು. 2003ರಲ್ಲಿ ಬಂದ ಮಾಡೆಲ್, ಜಗತ್ತಿನಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾದದ್ದು. ನಮ್ಮ ಕಡೆ ಅದರ ಹೆಸರು ಟಾರ್ಚ್ ಫೋನ್. ತೋಟಕ್ಕೆ ರಾತ್ರಿ ನೀರು ಬಿಡೋಕೆ ಹೋಗುವವರಿಗೆ ಅದೊಂದು ಸಾಕಿತ್ತು. ಬೆನ್ನನ್ನು ಹೆಬ್ಬೆರಳಲ್ಲಿ ಒತ್ತಿ ಜಾರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಬಿಎಲ್-5ಸಿ ಅಂತ ಅದರ ಹೆಸರು. ಹಾಳಾದರೆ ಪೇಟೆಗೆ ಹೋದಾಗ ಒಂದು ತಂದು ಹಾಕಿಕೊಂಡರೆ ಮುಗೀತು. ಅಪ್ಪಯ್ಯ ಹೋಗಿ ಆರು ವರ್ಷ. ಫೋನೂ ಈಗ ಇಲ್ಲ. ಆದರೆ ಅದೇ ಅಳತೆಯ ಬ್ಯಾಟರಿ ಹಾಕೋ ಒಂದು ಸಣ್ಣ ಸ್ಪೀಕರ್ ಡಬ್ಬಿ ನಮ್ಮ ಕೊಟ್ಟಿಗೆಯಲ್ಲಿದೆ, ಪೆನ್‌ಡ್ರೈವ್ ಚುಚ್ಚಿದರೆ ಯಕ್ಷಗಾನ ಹಾಡುತ್ತದೆ. ಹಾಲು ಕರೆಯುವಾಗ ಅದು ಬೇಕೇ ಬೇಕು. ಹಾಡದಿದ್ದರೆ ಹಸು ಒದೆಯುತ್ತದೆ ಅಂತ ಅಮ್ಮನ ವಾದ.

ಫೋನು ಹೀಗೆ ಬಾಳಿಕೆ ಬರಬೇಕು, ರಿಪೇರಿ ಆಗಬೇಕು ಅಂತ ಯುರೋಪಿನಲ್ಲಿ ಈಗ ಕಾನೂನೇ ಬಂದಿದೆ. 2025ರ ಜೂನ್‌ನಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ, ಆ ಮಾಡೆಲ್ ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು. ಬ್ಯಾಟರಿ 800 ಸಲ ಚಾರ್ಜಾದ ಮೇಲೂ ನೂರಕ್ಕೆ 80 ಪಾಲು ಶಕ್ತಿ ಉಳಿಸಿಕೊಂಡಿರಬೇಕು. ನಮ್ಮಲ್ಲೂ 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಆದರೆ ನನ್ನ ಮಟ್ಟಿಗೆ ರಿಪೇರಿ ಹಕ್ಕು ಅಂದರೆ ಎಸ್‌ಪಿ ರೋಡಿನ ಆ ಹುಡುಗ ಮತ್ತು ಅವನ ಮರಳಿನ ಬಕೆಟ್ಟು.

ಬ್ಯಾಟರಿ ಬದಲಿಸಬಹುದು, ಸಾಫ್ಟ್‌ವೇರ್ ಹಳತಾದರೆ ಯಾವ ಹುಡುಗನೂ ಏನೂ ಮಾಡಲಾರ. 2025ರ ಮೊದಲಿಗೆ ಆಂಡ್ರಾಯ್ಡ್ 4.4 ಇದ್ದ ಫೋನುಗಳಲ್ಲಿ ವಾಟ್ಸಾಪ್ ನಿಂತುಹೋಯಿತು. 2023ರಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್ಸಂಗ್ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂದರು, ಒಳ್ಳೇದೇ. ಆದರೆ ಬಂದ ಹೊಸದರಲ್ಲಿ ಅವೆರಡೂ ಅಮ್ಮನ ಫೋನಿನ ಆರೇಳು ಪಟ್ಟು ಬೆಲೆಯವು. ಅಮ್ಮನ ಫೋನಿಗೆ ಅಪ್‌ಡೇಟ್ ಬಂದು ಎರಡು ವರ್ಷವಾಯಿತು. ಅಪ್‌ಡೇಟ್ ಇಲ್ಲದ ಫೋನು ಅಷ್ಟು ಸುರಕ್ಷಿತ ಅಲ್ಲ, ಹಾಗಾಗಿ ಬ್ಯಾಂಕಿನ ಆ್ಯಪ್ ಅದರಲ್ಲಿ ಇಟ್ಟಿಲ್ಲ. ಇದೊಂದು ಕಡೆ ನನಗೆ ಇವತ್ತಿಗೂ ಆತಂಕ ಇದೆ.

ಇಷ್ಟೆಲ್ಲ ಹೇಳಿದೆ ಅಂತ ಎಲ್ಲರಿಗೂ ಪ್ಲಾಸ್ಟಿಕ್ ಫೋನೇ ಸರಿ ಅಂತಲ್ಲ. ನನ್ನ ಚಿಕ್ಕಮ್ಮನ ಮಗ ಮದುವೆ ಮನೆಗಳಲ್ಲಿ ರೀಲ್ಸ್ ಮಾಡಿಕೊಡುತ್ತಾನೆ. ಅವನಿಗೆ ಕ್ಯಾಮೆರಾನೇ ಅನ್ನ. ಅವನ ಫೋನಿನ ಬಗ್ಗೆ ಅಮ್ಮನ ಅಭಿಪ್ರಾಯ ಕೇಳಿದರೆ ಆಗೋದಿಲ್ಲ. ನನಗೂ ಮಡಚುವ ಫೋನ್ ನೋಡಿದಾಗಲೆಲ್ಲ ಆಸೆ ಆಗುತ್ತದೆ. ಅಂಗಡಿಗೆ ಹೋಗಿ ನಾಲ್ಕು ಸಲ ಮಡಚಿ ಬಿಚ್ಚಿ ವಾಪಸ್ ಇಟ್ಟು ಬಂದಿದ್ದೇನೆ.

ಈಗ ಯಾರಾದರೂ "ಅಕ್ಕಾ, ಯಾವುದು ತಗೊಳ್ಳಲಿ?" ಅಂದರೆ ನಾನು ತಿರುಗಿ ಕೇಳುತ್ತೇನೆ. ಮನೆಯೊಳಗೆ ಸಿಗ್ನಲ್ ಬರುತ್ತಾ? ಕೈಯಲ್ಲಿ ಎಂತ ಕೆಲಸ ಮಾಡ್ತೀರಿ? ಹಾಳಾದರೆ ಹತ್ತಿರದಲ್ಲಿ ಯಾರ ಹತ್ತಿರ ತಗೊಂಡು ಹೋಗ್ತೀರಿ? ಕೆಲವರಿಗೆ ಇದು ತಲೆಹರಟೆ ಅನ್ನಿಸುತ್ತದೆ. ಹೋದ ತಿಂಗಳು ಒಬ್ಬ ತಮ್ಮ "ಅಕ್ಕಾ, ಸುಮ್ನೆ ಮಾಡೆಲ್ ಹೇಳಿ" ಅಂದ. ಯಾವ ಮಾಡೆಲ್ ನೋಡಿದ್ದೀಯೋ ಅದನ್ನು ನಾಲ್ಕು ವರ್ಷದಿಂದ ಇಟ್ಟುಕೊಂಡವರು ಯಾರಾದರೂ ಸಿಕ್ಕರೆ ಕೇಳು ಅಂದೆ. "ಅದು ಬಂದೇ ನಾಲ್ಕು ತಿಂಗಳಾಯ್ತಲ್ಲ ಅಕ್ಕಾ" ಅಂದ. ಅದೂ ಹೌದು. ಹಾಗಾದರೆ ಅದೇ ಕಂಪನಿಯ ಹಳೇದನ್ನು ಇಟ್ಟುಕೊಂಡವರನ್ನು ಕೇಳು ಅಂದೆ. ಅವನು ಕೇಳಿರಲಿಕ್ಕಿಲ್ಲ.

ಮೊನ್ನೆ ಅಮ್ಮನನ್ನೇ ಕೇಳಿದೆ. "ನಿನ್ನ ಫೋನ್ ಹೆಂಗಿದೆ? ಹೊಸದು ಬೇಕಾ?"

"ಫೋನಿಗೆ ಎಂತ ಆಗ್ತದೆ? ಕವರ್ ಹರಿದಿದೆ. ಬರೋವಾಗ ಒಂದು ತಾ."

ಕವರ್ ತಾನೇ ಅಂತ ಹೊರಟೆ. ಮೊದಲನೇ ಅಂಗಡಿಯಲ್ಲಿ ಮಾಡೆಲ್ ಹೆಸರು ಹೇಳಿದರೆ ಆ ಹೆಸರೇ ಕೇಳಿಲ್ಲ ಅಂದರು. ಎರಡನೆಯವರು "ಹಳೇದು ಮೇಡಂ, ಈಗ ಬರಲ್ಲ" ಅಂದರು. ಆನ್‌ಲೈನ್‌ನಲ್ಲಿ ಒಂದು ಸಿಕ್ಕಿತು, ತರಿಸಿದೆ. ಕ್ಯಾಮೆರಾ ತೂತು ಬೇರೆ ಕಡೆ ಇತ್ತು. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಒಬ್ಬರು ದೊಡ್ಡ ಚೀಲ ಸುರುವಿ, ಅದರೊಳಗೆ ನಾನೇ ಹುಡುಕಿಕೊಳ್ಳಲಿ ಅಂದರು. ಅರ್ಧ ಗಂಟೆ ಹುಡುಕಿ, ಹತ್ತಿರ ಹತ್ತಿರ ಇರೋದೊಂದು ಸಿಕ್ಕಿತು, ಗುಲಾಬಿ ಬಣ್ಣ, ಮೇಲೆ ಬೆಕ್ಕಿನ ಚಿತ್ರ. ತಗೊಂಡೆ.

ಊರಿಗೆ ಹೋಗಿ ನೋಡಿದರೆ ಅಮ್ಮ ಹರಿದ ಕವರನ್ನೇ ಅಡಿಕೆ ಚೀಲ ಹೊಲಿಯೋ ದಬ್ಬಣದಲ್ಲಿ ನಾಲ್ಕು ಹೊಲಿಗೆ ಹಾಕಿ ಸರಿ ಮಾಡಿಕೊಂಡಿದ್ದಳು. ಬೆಕ್ಕಿನ ಕವರನ್ನು ತಿರುಗಿಸಿ ಮುರುಗಿಸಿ ನೋಡಿ, ಕಪಾಟಿನಲ್ಲಿ ಇಟ್ಟಳು. ಇದು ಹರಿದಾಗ ಬೇಕಾಗುತ್ತದಂತೆ.